ಕುಡಿತ ಬಿಟ್ಟವರ ಸಭೆ: ಹುಡುಕುವುದು ಹೇಗೆ, ಹೋದಮೇಲೆ ಮಾಡಬೇಕಾದ್ದೇನು?

ಪ್ರಶ್ನೆ: ನನಗೆ ನಲವತ್ತೆರಡು ವರ್ಷ. ಬಹುಕಾಲದ ಕುಡಿತವನ್ನು ಬಿಡಬೇಕೆಂದು ಎರಡು ತಿಂಗಳ ಹಿಂದೆ ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದೆ. ಈಗ ಕುಡಿಯುತ್ತಿಲ್ಲ. ಕುಡಿಯುವ ತುಡಿತ ತಗ್ಗಿಸುವುದಕ್ಕೆ ವೈದ್ಯರು ನಾಲ್ಟ್ರೆಕ್ಸೋನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಜೊತೆಗೆ, ಕುಡಿತ ಬಿಟ್ಟವರ ಗುಂಪಿನ ಸಭೆಗಳಿಗೂ ಹೋಗಬೇಕೆಂದು ಹೇಳಿದ್ದಾರೆ. ಒಮ್ಮೆ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಒಂದು ಸಭೆಗೆ ಹೋಗಿ ಕೊನೆಯ ಸಾಲಿನಲ್ಲಿ ಕುಳಿತಿದ್ದೆ. ಮುಗಿದ ಕೂಡಲೇ ಯಾರೊಡನೆಯೂ ಮಾತನಾಡದೆ ಎದ್ದು ಬಂದೆ. ಅಲ್ಲಿ ದೇವರ ಮಾತು, ಪ್ರಾರ್ಥನೆ ಎಲ್ಲ ಇತ್ತು. ನನಗೆ ದೇವರಲ್ಲಿ ನಂಬಿಕೆಯಿಲ್ಲ. ಪಕ್ಕದಲ್ಲಿದ್ದ ಒಬ್ಬರು, ಮಾತ್ರೆ ನುಂಗುತ್ತಿರುವವರೆಗೆ ಚಟ ಬಿಟ್ಟಂತಲ್ಲ ಎಂದರು. ಪರಿಚಯದವರು ಯಾರಾದರೂ ನೋಡಿಬಿಟ್ಟರೆ ಎಂಬ ಹೆದರಿಕೆಯೂ ಇದೆ. ಇಂಥ ಸಭೆಗಳಿಂದ ನಿಜವಾಗಿ ಪ್ರಯೋಜನವಿದೆಯೇ? ಇದಲ್ಲದೆ ಬೇರೆ ಗುಂಪುಗಳಿವೆಯೇ, ಇದ್ದರೆ ಹುಡುಕುವುದು ಹೇಗೆ? ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಬಹುದೇ?

ಉತ್ತರ: ನೀವು ಕೇಳಿರುವ ಎಲ್ಲ ಪ್ರಶ್ನೆಗಳಿಗೂ ಉತ್ತರಿಸುತ್ತೇನೆ. ಆದರೆ ಪ್ರಶ್ನೆಯಾಗಿ ಕೇಳದೆ ಮಾತಿನ ನಡುವೆ ಹೇಳಿ ದಾಟಿಬಿಟ್ಟ ಒಂದು ಸಂಗತಿಯಿಂದ ಆರಂಭಿಸಬೇಕಾಗಿದೆ. ಸಭೆ ಮುಗಿದ ಕೂಡಲೇ ಯಾರೊಡನೆಯೂ ಮಾತನಾಡದೆ ಎದ್ದು ಬಂದೆ ಎಂದು ಬರೆದಿದ್ದೀರಿ. ಮೊದಲ ಬಾರಿ ಹೋದವರಲ್ಲಿ ಬಹಳ ಮಂದಿ ಹೀಗೆಯೇ ಮಾಡುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೂ ಇಂಥ ಸಭೆಗಳಿಂದ ಒಬ್ಬರಿಗೆ ಪ್ರಯೋಜನವಾಗುತ್ತದೆಯೋ ಇಲ್ಲವೋ ಎಂಬುದು ವೇದಿಕೆಯಲ್ಲಿ ಓದುವ ಪಾಠಕ್ಕಿಂತ ಹೆಚ್ಚಾಗಿ, ಸಭೆಗೆ ಹತ್ತು ನಿಮಿಷ ಮುಂಚೆ ಮತ್ತು ಸಭೆ ಮುಗಿದ ಕಾಲು ಗಂಟೆಯಲ್ಲಿ ಅವರು ಯಾರನ್ನು ಪರಿಚಯ ಮಾಡಿಕೊಳ್ಳುತ್ತಾರೆ ಎಂಬುದರ ಮೇಲೆ ನಿಂತಿದೆ. ನೀವು ನೋಡಿ ಬಂದದ್ದು ಸಭೆಯ ಅರ್ಧ ಭಾಗವನ್ನು ಮಾತ್ರ. ಉಳಿದರ್ಧವನ್ನು ನೋಡದೆ ಇದು ನನಗೆ ಒಗ್ಗುವುದಿಲ್ಲ ಎಂಬ ತೀರ್ಮಾನಕ್ಕೆ ಬರಬೇಡಿ.

ಪ್ರಯೋಜನವಿದೆಯೇ ಎಂಬ ಪ್ರಶ್ನೆಯನ್ನು ಮೊದಲು ನೋಡೋಣ. ಹಲವು ದಶಕಗಳ ಕಾಲ ಈ ವಿಷಯದಲ್ಲಿ ಬಲವಾದ ಪುರಾವೆ ಇರಲಿಲ್ಲ. ಒಳ್ಳೆಯದಾಯಿತು ಎನ್ನುವವರ ಅನುಭವಕಥನ ಒಂದು ಕಡೆ, ಇದೆಲ್ಲ ಬರೀ ಭಜನೆ ಎನ್ನುವವರ ಟೀಕೆ ಇನ್ನೊಂದು ಕಡೆ ಇದ್ದವು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ 27 ಅಧ್ಯಯನಗಳನ್ನು, ಅವುಗಳಲ್ಲಿ ಭಾಗವಹಿಸಿದ 10,565 ಜನರ ವಿವರಗಳನ್ನು ಪರಿಗಣಿಸಲಾಯಿತು. ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಸೇರಿಕೊಳ್ಳುವಂತೆ ಆಪ್ತಸಮಾಲೋಚಕರು ಕ್ರಮಬದ್ಧವಾಗಿ ಸಿದ್ಧಗೊಳಿಸಿದವರಲ್ಲಿ ಒಂದು ವರ್ಷದ ನಂತರ ಸಂಪೂರ್ಣವಾಗಿ ಕುಡಿತದಿಂದ ದೂರವಿದ್ದವರು ಸುಮಾರು ಶೇ 42ರಷ್ಟು. ಅರಿವು-ವರ್ತನೆ ಚಿಕಿತ್ಸೆಯಂಥ (ಯೋಚಿಸುವ, ನಡೆದುಕೊಳ್ಳುವ ರೀತಿಯನ್ನು ಬದಲಿಸಲು ಕಲಿಸುವ ಚಿಕಿತ್ಸೆ) ಬೇರೆ ಚಿಕಿತ್ಸೆಗಳನ್ನು ಪಡೆದವರಲ್ಲಿ ಸುಮಾರು ಶೇ 35ರಷ್ಟು. ಈ ಅಂಕಿಗಳನ್ನು ಎರಡು ರೀತಿಯಲ್ಲಿ ಓದಬೇಕು. ಹಣ ಪಡೆಯದೆ, ತಜ್ಞರಿಲ್ಲದೆ ನಡೆಯುವ ಗುಂಪೊಂದು ತರಬೇತಾದ ಚಿಕಿತ್ಸಕರ ಸರಿಸಮಕ್ಕೆ, ಪೂರ್ತಿ ಬಿಡುವ ವಿಷಯದಲ್ಲಿ ಅವರಿಗಿಂತ ತುಸು ಮುಂದಕ್ಕೇ ನಿಲ್ಲುತ್ತದೆ ಎನ್ನುವುದು ಸಣ್ಣ ಮಾತಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಜನ ಆ ವರ್ಷದಲ್ಲಿ ಒಮ್ಮೆಯಾದರೂ ಕುಡಿದರು ಎನ್ನುವುದೂ ಅದೇ ಅಂಕಿಯೊಳಗೆ ಇದೆ. ಆದ್ದರಿಂದ ಸಭೆಯನ್ನು ಪವಾಡವೆಂದು ನಂಬಿ ಹೋಗುವುದೂ ತಪ್ಪು, ಮೂಢನಂಬಿಕೆಯೆಂದು ತಳ್ಳಿಹಾಕುವುದೂ ತಪ್ಪು.

ಇದು ಕೆಲಸ ಮಾಡುವುದು ಹೇಗೆ ಎಂಬುದನ್ನೂ ಸಂಶೋಧಕರು ಹುಡುಕಿದ್ದಾರೆ. ನೀವು ನಾಸ್ತಿಕರಾದ್ದರಿಂದ ಅವರು ಕಂಡುಕೊಂಡದ್ದು ನಿಮಗೆ ಸಮಾಧಾನ ತರಬಹುದು. ಸಭೆಗೆ ಹೋಗುವವರಲ್ಲಿ ಆಗುವ ಬದಲಾವಣೆಯ ದೊಡ್ಡ ಪಾಲು ಬರುವುದು ಒಡನಾಟದ ಬದಲಾವಣೆಯಿಂದ: ಕುಡಿಯುವ ಗೆಳೆಯರ ಸಂಖ್ಯೆ ಕಡಿಮೆಯಾಗುತ್ತದೆ, ಕುಡಿಯದಿರುವುದಕ್ಕೆ ಬೆಂಬಲವಾಗುವ ಗೆಳೆಯರ ಸಂಖ್ಯೆ ಹೆಚ್ಚುತ್ತದೆ. ಮದುವೆ, ಪಾರ್ಟಿ, ಸಂತೋಷಕೂಟಗಳಂಥ ಸಂದರ್ಭಗಳಲ್ಲಿ ಕುಡಿಯದೆ ಇರಬಲ್ಲೆ ಎಂಬ ಆತ್ಮವಿಶ್ವಾಸ ಬೆಳೆಯುವುದು ಇನ್ನೊಂದು ಕಾರಣ. ಆಧ್ಯಾತ್ಮಿಕ ಬದಲಾವಣೆಯ ಪಾತ್ರವೂ ಇದೆ. ಅದು ಮುಖ್ಯವಾಗಿ ಕಾಣಿಸಿದ್ದು ಬಹಳ ತೀವ್ರವಾದ ವ್ಯಸನವಿದ್ದವರಲ್ಲಿ.

ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿದ ಬಗೆಯೂ ಇದನ್ನೇ ಹೇಳುತ್ತದೆ. 1935ರ ಮೇ ತಿಂಗಳಿನಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರದವರು ಅಮೆರಿಕದ ಒಹಾಯೊ ರಾಜ್ಯದ ಏಕ್ರನ್ ನಗರಕ್ಕೆ ವ್ಯವಹಾರಕ್ಕಾಗಿ ಹೋಗಿ ಕೈಸುಟ್ಟುಕೊಂಡರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ತಂಗಿದ್ದ ಹೋಟೆಲಿನ ಬಾರ್ ಅವರನ್ನು ಸೆಳೆಯತೊಡಗಿದಾಗ ಅವರು ಅತ್ತ ಹೋಗದೆ ದೂರವಾಣಿಯ ಕಡೆಗೆ ನಡೆದು, ಊರಿನ ಚರ್ಚುಗಳವರಿಗೆ ಒಂದೊಂದಾಗಿ ಕರೆ ಮಾಡಿ, ಕುಡಿತದಿಂದ ನರಳುತ್ತಿರುವ ಇನ್ನೊಬ್ಬರ ಪರಿಚಯ ಮಾಡಿಸಿಕೊಡಿ ಎಂದು ಕೇಳಿದರು. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರಚಿಕಿತ್ಸಕ. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂದು ಷರತ್ತು ಹಾಕಿ ಬಂದಿದ್ದ ಸ್ಮಿತ್ ಗಂಟೆಗಟ್ಟಲೆ ಕುಳಿತರು. ಅವರು ಕೊನೆಯ ಬಾರಿ ಕುಡಿದ ದಿನವೆಂದು ಹೇಳಲಾಗುವ 1935ರ ಜೂನ್ 10ನ್ನೇ ಸಂಸ್ಥೆ ತನ್ನ ಸ್ಥಾಪನೆಯ ದಿನವಾಗಿ ಇಟ್ಟುಕೊಂಡಿದೆ. ಇಲ್ಲಿ ಗಮನಿಸಬೇಕಾದದ್ದು, ವಿಲ್ಸನ್ ಫೋನ್ ಮಾಡಿದ್ದು ಇನ್ನೊಬ್ಬರನ್ನು ಉದ್ಧಾರ ಮಾಡುವುದಕ್ಕಲ್ಲ, ತಾವು ಆ ಸಂಜೆ ಕುಡಿಯದೆ ಉಳಿಯುವುದಕ್ಕೆ. ಸದಸ್ಯರು ಒಂದೊಂದಾಗಿ ಅನುಸರಿಸುವ ಹನ್ನೆರಡು ಹೆಜ್ಜೆಗಳಾಗಲಿ, ಅವನ್ನು ವಿವರಿಸುವ ಪುಸ್ತಕವಾಗಲಿ ಆಗ ಇನ್ನೂ ಇರಲಿಲ್ಲ. ಇಬ್ಬರು ಕುಡುಕರ ನಡುವಿನ ಮಾತುಕತೆ ಮೊದಲು ಬಂತು. ಉಳಿದದ್ದೆಲ್ಲ ಅದರ ಸುತ್ತ ಬೆಳೆಯಿತು.

ಆದ್ದರಿಂದ ಸಭೆ ಹುಡುಕುವುದೆಂದರೆ ನಿಮಗೆ ಹೊಂದುವ ಜನರನ್ನು ಹುಡುಕುವುದು ಎಂದು ತಿಳಿಯಿರಿ. ಪ್ರತಿಯೊಂದು ಗುಂಪೂ ತನ್ನಷ್ಟಕ್ಕೆ ತಾನು ನಡೆಯುವಂಥದ್ದು. ಮೇಲಿನಿಂದ ಆಜ್ಞೆ ಮಾಡುವ ಅಧಿಕಾರಿಗಳಿಲ್ಲ. ಹೀಗಾಗಿ ಒಂದೇ ಹೆಸರಿನ ಎರಡು ಗುಂಪುಗಳ ನಡುವೆ ಅಜಗಜಾಂತರ ಇರಬಹುದು. ಒಂದರಲ್ಲಿ ಪ್ರಾರ್ಥನೆಯ ಛಾಯೆ ದಟ್ಟವಾಗಿದ್ದರೆ ಇನ್ನೊಂದರಲ್ಲಿ ನಗು, ಹರಟೆಯೇ ಹೆಚ್ಚು. ಒಂದರಲ್ಲಿ ಇಪ್ಪತ್ತು ವರ್ಷಗಳಿಂದ ಕುಡಿಯದವರೇ ತುಂಬಿದ್ದರೆ ಇನ್ನೊಂದರಲ್ಲಿ ಎಲ್ಲರೂ ನಿಮ್ಮಂತೆ ಹೊಸಬರು. ಒಂದು ಸಭೆಯನ್ನು ನೋಡಿ ಬಂದವರು ಒಂದು ಗುಂಪನ್ನು ನೋಡಿ ಬಂದಿದ್ದಾರೆ, ಅಷ್ಟೇ. ಕನಿಷ್ಠ ಮೂರು ಬೇರೆ ಬೇರೆ ಗುಂಪುಗಳಿಗೆ, ಅವುಗಳಲ್ಲಿ ಒಂದಿಷ್ಟಾದರೂ ಹಿಡಿಸಿದ ಗುಂಪಿಗೆ ನಾಲ್ಕೈದು ಸಲ ಹೋದಮೇಲೆ ತೀರ್ಮಾನ ಮಾಡಿ ಎಂದು ನನ್ನ ಬಳಿ ಬರುವವರಿಗೆ ಹೇಳುತ್ತೇನೆ. ನಾಲ್ಕನೆಯ ಸಲ ಹೋಗುವ ಹೊತ್ತಿಗೆ ಯಾರಾದರೂ ಒಬ್ಬರು ನಿಮ್ಮ ಹೆಸರು ಹಿಡಿದು ಕರೆಯುತ್ತಾರೆ. ಅಲ್ಲಿಯವರೆಗೆ ಯಾವ ಸಭೆಯೂ ಅಪರಿಚಿತರ ಗುಂಪಾಗಿಯೇ ಕಾಣುತ್ತದೆ.

ಹುಡುಕುವುದಕ್ಕೆ ಅತ್ಯಂತ ಸಲೀಸಾದ ದಾರಿ ನಿಮಗೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯೇ. ವ್ಯಸನಮುಕ್ತಿ ವಿಭಾಗದ ಆಪ್ತಸಮಾಲೋಚಕರಿಗೆ ಅಥವಾ ಮನೋವೈದ್ಯಕೀಯ ಸಮಾಜಕಾರ್ಯಕರ್ತರಿಗೆ ಸುತ್ತಮುತ್ತಲಿನ ಗುಂಪುಗಳ ಪರಿಚಯವಿರುತ್ತದೆ. ಅವರನ್ನು ವಿಳಾಸವಷ್ಟೇ ಕೇಳಿ ಸುಮ್ಮನಾಗಬೇಡಿ. ಈಗಾಗಲೇ ಅಲ್ಲಿಗೆ ಹೋಗುತ್ತಿರುವ ಒಬ್ಬ ಸದಸ್ಯರ ಜೊತೆ ಮಾತನಾಡಿಸಿ, ಸಾಧ್ಯವಾದರೆ ಮೊದಲ ದಿನ ಅವರೇ ನನ್ನನ್ನು ಬಾಗಿಲಲ್ಲಿ ಕಂಡು ಒಳಗೆ ಕರೆದುಕೊಂಡು ಹೋಗಲಿ ಎಂದು ಕೇಳಿ. ಬರೀ ವಿಳಾಸದ ಚೀಟಿ ಹಿಡಿದು ಹೊರಟವರಿಗಿಂತ ಹೀಗೆ ಜೊತೆ ಸಿಕ್ಕವರು ಸಭೆಗೆ ನಿಜವಾಗಿ ತಲುಪುವ ಸಂಭವ ಬಹಳ ಹೆಚ್ಚು. ಎರಡನೆಯ ದಾರಿ ಸಂಸ್ಥೆಗಳ ಸಹಾಯವಾಣಿ ಮತ್ತು ಅಂತರ್ಜಾಲದ ಪಟ್ಟಿಗಳು. ಆಲ್ಕೋಹಾಲಿಕ್ಸ್ ಅನಾನಿಮಸ್ ಸುಮಾರು 180 ದೇಶಗಳಲ್ಲಿದೆ. ಅನೇಕ ಕಡೆ ಅದರ ಸ್ಥಳೀಯ ಕಚೇರಿಯ ದೂರವಾಣಿಗೆ ಸದಸ್ಯರೇ ಸರದಿಯಲ್ಲಿ ಉತ್ತರಿಸುತ್ತಾರೆ. ಪಟ್ಟಿಯಲ್ಲಿ ಕಂಡ ಸಭೆಗೆ ಹೊರಡುವ ಮುಂಚೆ ಅದು ಈಗಲೂ ನಡೆಯುತ್ತಿದೆಯೇ ಎಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಇವೆಲ್ಲ ಸ್ವಯಂಸೇವಕರು ನಡೆಸುವ ಪಟ್ಟಿಗಳು, ಸ್ಥಳ ಮತ್ತು ಸಮಯ ಬದಲಾದದ್ದು ಕೆಲವೊಮ್ಮೆ ಅವುಗಳಲ್ಲಿ ಕಾಣಿಸಿರುವುದಿಲ್ಲ. ಧೈರ್ಯ ಕೂಡಿಸಿಕೊಂಡು ಹೋದ ದಿನ ಬೀಗ ಹಾಕಿದ ಬಾಗಿಲು ಎದುರಾದರೆ ಇನ್ನೊಮ್ಮೆ ಆ ಧೈರ್ಯ ಬರುವುದಕ್ಕೆ ತಿಂಗಳುಗಳೇ ಬೇಕಾಗಬಹುದು.

ಫೋನಿನಲ್ಲಿ ಏನು ಹೇಳುವುದು ಎಂದು ತಡವರಿಸುವವರು ಬಹಳ. ಇಷ್ಟು ಸಾಕು: “ನಾನು ಹೊಸಬ, ಕುಡಿತ ಬಿಟ್ಟು ಎರಡು ತಿಂಗಳಾಗಿದೆ, ನಿಮ್ಮ ಸಭೆಗೆ ಬರಬೇಕೆಂದಿದ್ದೇನೆ.” ನಿಮ್ಮ ಪೂರ್ತಿ ಹೆಸರು, ಕೆಲಸ, ವಿಳಾಸ ಯಾವುದನ್ನೂ ಹೇಳಬೇಕಾಗಿಲ್ಲ. ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಸಭೆ ಓಪನ್ ಮೀಟಿಂಗೋ ಕ್ಲೋಸ್ಡ್ ಮೀಟಿಂಗೋ? ಓಪನ್ ಮೀಟಿಂಗಿಗೆ ಮನೆಯವರು, ವಿದ್ಯಾರ್ಥಿಗಳು, ಕುತೂಹಲಿಗಳು ಯಾರು ಬೇಕಾದರೂ ಬರಬಹುದು. ಕ್ಲೋಸ್ಡ್ ಮೀಟಿಂಗು ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಯಾವ ಭಾಷೆಯಲ್ಲಿ ನಡೆಯುತ್ತದೆ? ಎಷ್ಟು ಜನ ಬರುತ್ತಾರೆ? ಹೊಸಬರಿಗೆಂದೇ ಬೇರೆ ಸಭೆಯಿದೆಯೇ? ಮಹಿಳೆಯೊಬ್ಬರು ನನ್ನನ್ನು ಈ ಪ್ರಶ್ನೆ ಕೇಳಿದ್ದರೆ ಮಹಿಳೆಯರದೇ ಸಭೆ ಇದೆಯೇ ಎಂದು ಮೊದಲು ವಿಚಾರಿಸಿ ಎನ್ನುತ್ತಿದ್ದೆ.

ಇನ್ನು ದೇವರ ವಿಷಯ. ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಹೆಜ್ಜೆಗಳು 1939ರಲ್ಲಿ ಅಚ್ಚಾದಾಗ ಅವುಗಳ ಭಾಷೆ ಕ್ರೈಸ್ತ ವಾತಾವರಣದ್ದೇ ಆಗಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಸದಸ್ಯರಲ್ಲೇ ಕೆಲವರು ತಕರಾರೆತ್ತಿದ್ದರಿಂದ ದೇವರೆಂಬ ಮಾತಿಗೆ “ನಾವು ಅರಿತುಕೊಂಡಂತೆ” ಎಂಬ ವಿಶೇಷಣ ಸೇರಿತು. ಇಂದು ಎಷ್ಟೋ ಸದಸ್ಯರು ಹೆಜ್ಜೆಗಳಲ್ಲಿ ಹೇಳಿರುವ “ಉನ್ನತ ಶಕ್ತಿ” ಎಂದರೆ ತಮ್ಮ ಗುಂಪೇ ಎಂದು ಭಾವಿಸಿ ನೆಮ್ಮದಿಯಿಂದಿದ್ದಾರೆ. ನಾಸ್ತಿಕರ ಮತ್ತು ಸಂದೇಹವಾದಿಗಳ ಪ್ರತ್ಯೇಕ ಸಭೆಗಳೂ ಅದೇ ಸಂಸ್ಥೆಯೊಳಗೆ ನಡೆಯುತ್ತವೆ. ಸದಸ್ಯತ್ವಕ್ಕೆ ಬೇಕಾದದ್ದು ಕುಡಿತ ಬಿಡುವ ಇಚ್ಛೆಯೊಂದೇ ಎಂಬುದು ಅವರ ಲಿಖಿತ ನಿಯಮ. ಪ್ರಾರ್ಥನೆಯ ಸಮಯದಲ್ಲಿ ನೀವು ಸುಮ್ಮನೆ ನಿಂತಿದ್ದರೆ ಯಾರೂ ಪ್ರಶ್ನಿಸಬಾರದು, ಪ್ರಶ್ನಿಸಿದರೆ ಬೇರೆ ಗುಂಪು ನೋಡಿಕೊಳ್ಳಿ. ಹೀಗೆಲ್ಲ ಹೇಳಿದ ಮೇಲೂ ಆ ಭಾಷೆ ನಿಮ್ಮನ್ನು ಪ್ರತಿ ಸಲ ಚುಚ್ಚುತ್ತದೆ ಎಂದಾದರೆ, ನಂಬಿಕೆಯಿಲ್ಲದ ಮಾತನ್ನು ಬಾಯಲ್ಲಿ ಹೇಳುತ್ತಾ ವರ್ಷಗಟ್ಟಲೆ ಕೂರುವ ಅಗತ್ಯವಿಲ್ಲ.

ಬೇರೆ ಗುಂಪುಗಳು ಖಂಡಿತ ಇವೆ. 1994ರಲ್ಲಿ ಆರಂಭವಾದ ಸ್ಮಾರ್ಟ್ ರಿಕವರಿ ಎಂಬ ಸಂಸ್ಥೆಯ ಸಭೆಗಳಲ್ಲಿ ದೇವರ ಪ್ರಸ್ತಾಪವೇ ಇಲ್ಲ. ಅರಿವು-ವರ್ತನೆ ಚಿಕಿತ್ಸೆಯ ವಿಧಾನಗಳನ್ನು ಆಧರಿಸಿ, ತರಬೇತಿ ಪಡೆದ ಒಬ್ಬರು ಸಭೆ ನಡೆಸುತ್ತಾರೆ. ಕುಡಿಯಬೇಕೆಂಬ ತುಡಿತ ಬಂದಾಗ ಅದನ್ನು ಎದುರಿಸುವುದು ಹೇಗೆ, ಕುಡಿತದ ಲಾಭ-ನಷ್ಟಗಳನ್ನು ಬರೆದು ತೂಗುವುದು ಹೇಗೆ ಎಂಬಂಥ ಅಭ್ಯಾಸಗಳಿರುತ್ತವೆ; ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ನೇರವಾಗಿ ಪ್ರತಿಕ್ರಿಯಿಸಬಹುದು; “ನಾನು ಮದ್ಯವ್ಯಸನಿ” ಎಂದು ಹೇಳಿಕೊಳ್ಳಬೇಕಾಗಿಲ್ಲ. ಲೈಫ್‌ರಿಂಗ್ ಎಂಬುದು ಇನ್ನೊಂದು ಧರ್ಮನಿರಪೇಕ್ಷ ಗುಂಪು. ಜೀನ್ ಕರ್ಕ್‌ಪ್ಯಾಟ್ರಿಕ್ ಅವರು 1975ರಲ್ಲಿ ಸ್ಥಾಪಿಸಿದ ವಿಮೆನ್ ಫಾರ್ ಸೊಬ್ರೈಟಿ ಮಹಿಳೆಯರಿಗಾಗಿಯೇ ಇರುವಂಥದ್ದು. ಇವುಗಳ ಸಭೆಗಳ ಸಂಖ್ಯೆ ಆಲ್ಕೋಹಾಲಿಕ್ಸ್ ಅನಾನಿಮಸ್‌ಗೆ ಹೋಲಿಸಿದರೆ ಬಹಳ ಕಡಿಮೆ, ಆದ್ದರಿಂದ ಅನೇಕರಿಗೆ ಇವು ಆನ್‌ಲೈನಿನಲ್ಲಷ್ಟೇ ದಕ್ಕುತ್ತವೆ. ಎರಡು ಬಗೆಯ ಗುಂಪಿಗೂ ಹೋಗುವವರಿದ್ದಾರೆ: ಒಂದರಲ್ಲಿ ಕೌಶಲ, ಇನ್ನೊಂದರಲ್ಲಿ ಹತ್ತಿರದಲ್ಲೇ ಸಿಗುವ ಜನ. ಅದರಲ್ಲಿ ತಪ್ಪೇನೂ ಇಲ್ಲ.

ಆನ್‌ಲೈನ್ ಸಭೆಯ ಬಗ್ಗೆ ಒಂದೆರಡು ಮಾತು. ಹೆದರಿಕೆಯಿರುವವರಿಗೆ ಅದು ಒಳ್ಳೆಯ ಮೊದಲ ಮೆಟ್ಟಿಲು. ಕ್ಯಾಮೆರಾ ಮುಚ್ಚಿ, ಮೈಕ್ ನಿಲ್ಲಿಸಿ, ಸುಮ್ಮನೆ ಕೇಳಬಹುದು. ಒಳಗೆ ಹೋಗುವ ಮುನ್ನ ಪರದೆಯ ಮೇಲೆ ಕಾಣುವ ನಿಮ್ಮ ಹೆಸರನ್ನು ಬದಲಿಸಿಕೊಳ್ಳಿ. ಕಚೇರಿಯ ಖಾತೆಯಿಂದ ಸೇರಿ, ಪೂರ್ತಿ ಹೆಸರು ಮತ್ತು ಕಂಪನಿಯ ಗುರುತು ಎಲ್ಲರಿಗೂ ಕಂಡು ಕಂಗಾಲಾದವರಿದ್ದಾರೆ. ಇಯರ್‌ಫೋನ್ ಹಾಕಿಕೊಳ್ಳಿ, ಉಳಿದವರ ಮಾತು ನಿಮ್ಮ ಮನೆಯವರ ಕಿವಿಗೆ ಬೀಳಬಾರದು. ಆದರೆ ಪರದೆಯ ಸಭೆಯಲ್ಲೇ ನಿಂತುಬಿಟ್ಟರೆ ನಾನು ಮೊದಲು ಹೇಳಿದ ಉಳಿದರ್ಧ ಕೈತಪ್ಪುತ್ತದೆ, ಏಕೆಂದರೆ ಅಲ್ಲಿ ಗುಂಡಿ ಒತ್ತಿದರೆ ಸಭೆ ಮುಗಿಯಿತು. ಹತ್ತಿರದಲ್ಲಿ ಬೇರೆ ಸಭೆ ಇಲ್ಲವಾದರೆ, ಆನ್‌ಲೈನ್ ಸಭೆಯಲ್ಲೇ ನಿಮಗೆ ಹಿಡಿಸುವಂತೆ ಮಾತನಾಡಿದ ಒಬ್ಬರಿಗೆ ಸಂದೇಶ ಕಳಿಸಿ ಪ್ರತ್ಯೇಕವಾಗಿ ಮಾತನಾಡಲು ಸಮಯ ಕೇಳಿ.

ಈಗ ಸಭೆಯೊಳಗೆ ಹೋಗೋಣ. ನೀವು ಒಮ್ಮೆ ನೋಡಿದ್ದೀರಿ, ಆದರೂ ಹೆದರಿಕೆಯಲ್ಲಿ ಕೂತವರಿಗೆ ನಡೆದದ್ದು ಅರ್ಧ ಕೇಳಿಸಿರುವುದಿಲ್ಲ. ಒಂದು ಗಂಟೆ ಅಥವಾ ಒಂದೂವರೆ ಗಂಟೆಯ ಸಭೆ. ಸಭೆ ನಡೆಸುವವರು ಅಧಿಕಾರಿಯಲ್ಲ, ಸರದಿಯ ಮೇಲೆ ಆ ದಿನ ಆ ಕುರ್ಚಿಯಲ್ಲಿ ಕೂತ ಸದಸ್ಯ. ಮೊದಲು ಗುಂಪಿನ ಉದ್ದೇಶ ತಿಳಿಸುವ ಒಂದು ಸಣ್ಣ ಪ್ರಸ್ತಾವನೆಯನ್ನು ಓದುತ್ತಾರೆ. ಆಮೇಲೆ, “ಇವತ್ತು ಮೊದಲ ಬಾರಿ ಬಂದವರು ಯಾರಾದರೂ ಇದ್ದೀರಾ?” ಎಂದು ಕೇಳುತ್ತಾರೆ. ಹೊಸಬರ ಎದೆ ಹೊಡೆದುಕೊಳ್ಳುವುದು ಈ ಕ್ಷಣದಲ್ಲಿ. ಕೈ ಎತ್ತಲೇಬೇಕೆಂಬ ಕಟ್ಟಳೆಯಿಲ್ಲ, ಆದರೂ ಎತ್ತಿ ಎಂಬುದು ನನ್ನ ಸಲಹೆ. ಹೆಸರಿನ ಮೊದಲ ಭಾಗವನ್ನಷ್ಟೇ ಹೇಳಿ, “ಇವತ್ತು ಕೇಳುವುದಕ್ಕೆ ಬಂದಿದ್ದೇನೆ” ಎಂದರೆ ಮುಗಿಯಿತು. ಕೈ ಎತ್ತಿದವರನ್ನು ಸಭೆಯ ನಂತರ ಇಬ್ಬರಾದರೂ ಹುಡುಕಿಕೊಂಡು ಬರುತ್ತಾರೆ. ಎತ್ತದವರನ್ನು, ಮುಜುಗರವಾದೀತೆಂದು ಅವರ ಪಾಡಿಗೆ ಬಿಡುತ್ತಾರೆ. ಬಳಿಕ ಒಬ್ಬೊಬ್ಬರಾಗಿ ಅನುಭವ ಹಂಚಿಕೊಳ್ಳುತ್ತಾರೆ. ಹಿಂದೆ ಹೇಗಿದ್ದೆ, ಏನಾಯಿತು, ಈಗ ಹೇಗಿದ್ದೇನೆ ಎಂಬ ಮೂರು ಭಾಗಗಳಲ್ಲಿ ಸಾಗುವ ಮಾತುಗಳು ಇವು. ಮಧ್ಯೆ ಬಾಯಿ ಹಾಕುವಂತಿಲ್ಲ, ಸಲಹೆ ಕೊಡುವಂತಿಲ್ಲ. ನಿಮ್ಮ ಸರದಿ ಬಂದಾಗ “ಇವತ್ತು ಬೇಡ” ಎನ್ನಬಹುದು. ಕಾಣಿಕೆಯ ಬುಟ್ಟಿ ಸುತ್ತಿಬರುತ್ತದೆ. ಹೊಸಬರು ಏನೂ ಹಾಕಬೇಕಾಗಿಲ್ಲ. ಶುಲ್ಕವಿಲ್ಲ, ಹೊರಗಿನವರ ದೇಣಿಗೆಯನ್ನು ಆಲ್ಕೋಹಾಲಿಕ್ಸ್ ಅನಾನಿಮಸ್ ತೆಗೆದುಕೊಳ್ಳುವುದೂ ಇಲ್ಲ.

ಮುಂದಿನ ಸಲ ಹದಿನೈದು ನಿಮಿಷ ಮುಂಚಿತವಾಗಿ ಹೋಗಿ. ಆ ಹೊತ್ತಿನಲ್ಲಿ ಯಾರೋ ಕುರ್ಚಿ ಜೋಡಿಸುತ್ತಿರುತ್ತಾರೆ; ಜೊತೆಗೆ ನಾಲ್ಕು ಕುರ್ಚಿ ಎತ್ತಿಡಿ. ಕೈಗೆ ಕೆಲಸವಿದ್ದಾಗ ಮಾತು ತಾನಾಗಿ ಬರುತ್ತದೆ, ಮಾತು ಬಾರದಿದ್ದರೂ ಅಲ್ಲಿ ನಿಂತಿರುವುದಕ್ಕೆ ಒಂದು ಕಾರಣವಿರುತ್ತದೆ. ಸಭೆ ಮುಗಿದ ಮೇಲೆ, ಕೇಳಿದ ಮಾತುಗಳಲ್ಲಿ ಯಾರದು ನಿಮ್ಮ ಕಥೆಗೆ ಹತ್ತಿರವೆನಿಸಿತೋ ಅವರ ಬಳಿ ಹೋಗಿ ನಂಬರ್ ಕೇಳಿ. ನಂಬರ್ ತೆಗೆದುಕೊಂಡವರಲ್ಲಿ ಮುಕ್ಕಾಲು ಪಾಲು ಜನ ಕರೆ ಮಾಡುವುದೇ ಇಲ್ಲ ಎಂಬುದು ನನ್ನ ಅಂದಾಜು. ಕುಡಿಯುವ ತುಡಿತ ಬಂದ ಹೊತ್ತಿನಲ್ಲಿ ಮೊದಲ ಬಾರಿಗೆ ಒಬ್ಬರಿಗೆ ಫೋನ್ ಮಾಡುವುದು ಎಂಥವರಿಗೂ ಕಷ್ಟ. ಅದಕ್ಕೇ ಏನೂ ತೊಂದರೆಯಿಲ್ಲದ ದಿನ, ಮರುದಿನವೇ, ಎರಡು ನಿಮಿಷದ ಕರೆ ಮಾಡಿ: “ನಿನ್ನೆ ಸಿಕ್ಕಿದ್ದೆನಲ್ಲ, ನಂಬರ್ ಸರಿಯಿದೆಯೇ ಎಂದು ನೋಡುವುದಕ್ಕೆ ಮಾಡಿದೆ.” ಕಷ್ಟದ ದಿನ ಬಂದಾಗ ಆ ದಾರಿ ಆಗಲೇ ನಡೆದು ನೋಡಿದ ದಾರಿಯಾಗಿರುತ್ತದೆ.

ಎಷ್ಟು ಸಲ ಹೋಗಬೇಕು? ತೊಂಬತ್ತು ದಿನಗಳಲ್ಲಿ ತೊಂಬತ್ತು ಸಭೆ ಎಂಬ ಮಾತು ಸದಸ್ಯರ ನಡುವೆ ಬಳಕೆಯಲ್ಲಿದೆ. ಅದು ರೂಢಿಯ ಮಾತು, ನಿಯಮವಲ್ಲ. ಕೆಲಸ, ಸಂಸಾರ ಇರುವವರಿಗೆ ಮೊದಲ ಕೆಲವು ತಿಂಗಳು ವಾರಕ್ಕೆ ಎರಡು ಮೂರು ಸಭೆ ಸಾಧ್ಯವಾದರೆ ಒಳ್ಳೆಯದು. ವಾರಕ್ಕೆ ಒಂದಕ್ಕಿಂತ ಕಡಿಮೆಯಾದರೆ ಪರಿಚಯ ಬೆಳೆಯುವುದು ಕಷ್ಟ. ನಿಮಗೆ ಅಪಾಯದ ಹೊತ್ತು ಯಾವುದು, ಅಂದರೆ ಹಿಂದೆ ಗ್ಲಾಸು ಹಿಡಿಯುತ್ತಿದ್ದ ಹೊತ್ತು ಯಾವುದು ಎಂದು ನೋಡಿ, ಆ ಹೊತ್ತಿಗೆ ಬೀಳುವ ಸಭೆಯನ್ನೇ ಆರಿಸಿಕೊಳ್ಳಿ.

ಕೆಲವು ವಾರಗಳ ನಂತರ ಸ್ಪಾನ್ಸರ್ ಎಂಬ ಮಾತು ಬರುತ್ತದೆ. ನಿಮಗಿಂತ ಬಹಳ ಮುಂಚೆ ಕುಡಿತ ಬಿಟ್ಟು, ಹೆಜ್ಜೆಗಳನ್ನು ತಾವು ನಡೆದು, ನಿಮ್ಮನ್ನು ನಡೆಸುವ ಹಿರಿಯ ಸದಸ್ಯ ಸ್ಪಾನ್ಸರ್. ಯಾರನ್ನೂ ಅವಸರದಲ್ಲಿ ಒಪ್ಪಿಕೊಳ್ಳಬೇಡಿ. ಪುರುಷರಿಗೆ ಪುರುಷರು, ಮಹಿಳೆಯರಿಗೆ ಮಹಿಳೆಯರು ಎಂಬುದು ರೂಢಿ, ಅದಕ್ಕೆ ಕಾರಣವೂ ಇದೆ: ಆಗಷ್ಟೇ ಚೇತರಿಸಿಕೊಳ್ಳುತ್ತಿರುವವರ ದುರ್ಬಲ ಮನಃಸ್ಥಿತಿಯನ್ನು ಪ್ರಣಯಕ್ಕೋ ಲೈಂಗಿಕ ಸಂಬಂಧಕ್ಕೋ ಬಳಸಿಕೊಳ್ಳುವವರು ಈ ಗುಂಪುಗಳಲ್ಲೂ ಅಲ್ಲಲ್ಲಿ ಇರುತ್ತಾರೆ. ಸಾಲ ಕೇಳುವವರು, ವ್ಯವಹಾರಕ್ಕೆ ಸೇರಿಸಿಕೊಳ್ಳುವವರು, ಸಭೆಯಲ್ಲಿ ಹೇಳಿದ್ದನ್ನು ಹೊರಗೆ ಎತ್ತಿ ಆಡುವವರು, ನನ್ನ ಮಾತು ಮೀರಿದರೆ ನೀನು ಮತ್ತೆ ಕುಡಿಯುತ್ತೀಯೆ ಎಂದು ಹೆದರಿಸುವವರು, ಇವರಿಂದ ದೂರವಿರಿ. ಕಾರಣ ಕೊಡದೆ ಸ್ಪಾನ್ಸರನ್ನು ಬದಲಿಸಬಹುದು, ಗುಂಪನ್ನೂ ಬದಲಿಸಬಹುದು.

ಮಾತ್ರೆಯ ವಿಷಯದಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ನಿಮ್ಮ ಪಕ್ಕದಲ್ಲಿದ್ದವರು ಹೇಳಿದ್ದು ತಪ್ಪು. ನಾಲ್ಟ್ರೆಕ್ಸೋನ್ ಅಮಲು ತರುವ ಔಷಧವಲ್ಲ, ಅದಕ್ಕೆ ಚಟ ಹತ್ತುವುದೂ ಇಲ್ಲ. ಸುಖದ ಅನುಭವಕ್ಕೆ ಸಂಬಂಧಿಸಿದ, ಮಿದುಳಿನ ಓಪಿಯಾಯ್ಡ್ ಗ್ರಾಹಕಗಳಿಗೆ ಅಡ್ಡ ನಿಂತು, ಮದ್ಯದಿಂದ ಸಿಗುವ ಸುಖವನ್ನೂ ಅದರ ತುಡಿತವನ್ನೂ ತಗ್ಗಿಸುವುದು ಅದರ ಕೆಲಸ. ಮದ್ಯವ್ಯಸನದ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದನ್ನು 1994ರಲ್ಲೇ ಒಪ್ಪಿದೆ. ಸದಸ್ಯರು ಯಾರೂ ವೈದ್ಯರ ಪಾತ್ರ ವಹಿಸಬಾರದು, ಔಷಧದ ಸಲಹೆ ವೈದ್ಯರಿಂದಲೇ ಬರಬೇಕು ಎಂದು ಆಲ್ಕೋಹಾಲಿಕ್ಸ್ ಅನಾನಿಮಸ್ ತಾನೇ ಕರಪತ್ರ ಅಚ್ಚುಹಾಕಿಸಿದೆ. ಖಿನ್ನತೆ, ಆತಂಕ ಅಥವಾ ಬೇರೆ ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಯಾರೋ ಹೇಳಿದರೆಂದು ಅದನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಇನ್ನೊಮ್ಮೆ ಯಾರಾದರೂ ಕೇಳಿದರೆ, “ಅದು ನನ್ನ ಮತ್ತು ನನ್ನ ವೈದ್ಯರ ವಿಷಯ” ಎಂದು ಹೇಳಿ ಮಾತು ಬದಲಿಸಿ. ಗುಂಪಿನಲ್ಲಿ ಎಲ್ಲರಿಗೂ ಅದೇ ಅಭಿಪ್ರಾಯವಿದೆ ಎಂದು ಕಂಡರೆ ಆ ಗುಂಪು ನಿಮಗಲ್ಲ.

ಗುಟ್ಟಿನ ವಿಷಯಕ್ಕೆ ಬರೋಣ. ಇಲ್ಲಿ ನೋಡಿದವರನ್ನು, ಇಲ್ಲಿ ಕೇಳಿದ್ದನ್ನು ಇಲ್ಲೇ ಬಿಟ್ಟುಹೋಗಬೇಕು ಎಂಬುದು ಎಲ್ಲ ಗುಂಪುಗಳ ಮೂಲಕಟ್ಟಳೆ, ಮತ್ತು ಬಹುಪಾಲು ಜನ ಅದನ್ನು ಪಾಲಿಸುತ್ತಾರೆ. ಬಂದವರೆಲ್ಲರಿಗೂ ತಮ್ಮ ತಮ್ಮ ಗುಟ್ಟಿನ ಚಿಂತೆ ಇರುತ್ತದಲ್ಲ! ಪರಿಚಯದವರು ಅಲ್ಲಿ ಸಿಕ್ಕರೆ ಅವರೂ ಅದೇ ಕಾರಣಕ್ಕೆ ಬಂದಿರುತ್ತಾರೆ. ಓಪನ್ ಮೀಟಿಂಗಿನಲ್ಲಿ ಮಾತ್ರ ಹಾಗೆಂದು ಹೇಳಲಾಗದು. ಇದೇ ಚಿಂತೆಯಾದರೆ ಕ್ಲೋಸ್ಡ್ ಮೀಟಿಂಗಿಗೆ, ಅಥವಾ ಮನೆಯಿಂದ ದೂರದ ಬಡಾವಣೆಯ ಸಭೆಗೆ ಹೋಗಿ. ಆದರೆ ಇದು ನಂಬಿಕೆಯ ಮೇಲೆ ನಡೆಯುವ ಕಟ್ಟಳೆ. ವೈದ್ಯರಿಗೂ ವಕೀಲರಿಗೂ ಇರುವಂಥ ಕಾನೂನಿನ ಹೊಣೆ ಸಹಸದಸ್ಯರಿಗೆ ಸಾಮಾನ್ಯವಾಗಿ ಇರುವುದಿಲ್ಲ. ನ್ಯಾಯಾಲಯದಲ್ಲಿರುವ ಪ್ರಕರಣ, ಹಣಕಾಸಿನ ಅಕ್ರಮ, ಇನ್ನೊಬ್ಬರ ಗೌರವಕ್ಕೆ ಸಂಬಂಧಿಸಿದ ಸಂಗತಿ ಇಂಥವನ್ನು ತುಂಬಿದ ಸಭೆಯಲ್ಲಿ ಹೇಳಬೇಡಿ. ಅವಕ್ಕೆ ವಕೀಲರೋ ಚಿಕಿತ್ಸಕರೋ ಇದ್ದಾರೆ.

ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ಸಂಗತಿಯಿದೆ. ನಡುವೆ ಎಂದಾದರೂ ಕುಡಿದುಬಿಟ್ಟರೆ ಸಭೆಗೆ ಮುಖ ತೋರಿಸುವುದು ಹೇಗೆಂದು ತಪ್ಪಿಸಿಕೊಳ್ಳಬೇಡಿ. ಅಲ್ಲಿ ಕೂತವರಲ್ಲಿ ಅನೇಕರು ಜಾರಿ ಮತ್ತೆ ಎದ್ದವರೇ. ಆದರೆ ಕೆಲವು ದಿನ ಬಿಡದೆ ಕುಡಿದಿದ್ದರೆ ಸಭೆಗಿಂತ ಮೊದಲು ಆಸ್ಪತ್ರೆ. ಬಹಳ ಕುಡಿಯುತ್ತಿದ್ದವರು ಒಮ್ಮೆಗೇ ನಿಲ್ಲಿಸಿದಾಗ ಆರರಿಂದ ಇಪ್ಪತ್ನಾಲ್ಕು ಗಂಟೆಗಳೊಳಗೆ ಕೈನಡುಕ, ಬೆವರು, ಎದೆಬಡಿತ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂಥ ಸೆಳವು ಬರಬಹುದು. ಎರಡರಿಂದ ನಾಲ್ಕು ದಿನಗಳ ನಡುವೆ ಇಲ್ಲದ್ದು ಕಾಣಿಸುವುದು, ದಿಕ್ಕು ಕಾಲ ತಿಳಿಯದಾಗುವುದು, ಜ್ವರ ಬರುವುದು ಡಿಲೀರಿಯಂ ಟ್ರೆಮೆನ್ಸ್ ಎಂಬ ಸ್ಥಿತಿಯ ಲಕ್ಷಣಗಳು, ಚಿಕಿತ್ಸೆಯಿಲ್ಲದಿದ್ದರೆ ಅದರಿಂದ ಸಾವೂ ಸಂಭವಿಸುತ್ತದೆ. ಇದನ್ನು ತಡೆಯುವ ಔಷಧಗಳಿವೆ, ಮಿದುಳನ್ನು ಕಾಪಾಡಲು ಥಯಾಮಿನ್ ಎಂಬ ಬಿ1 ಜೀವಸತ್ವ ಕೊಡುತ್ತಾರೆ. ಇದು ಸಹಸದಸ್ಯರು ಮನೆಯಲ್ಲಿ ಕೂರಿಸಿಕೊಂಡು ನಿಭಾಯಿಸುವ ವಿಷಯವಲ್ಲ. ಸಾಯಬೇಕೆಂಬ ಯೋಚನೆ ಬಂದರೂ ಅಷ್ಟೇ. ಸಭೆಯ ದಿನಕ್ಕಾಗಿ ಕಾಯದೆ ತಕ್ಷಣ ವೈದ್ಯಕೀಯ ನೆರವು ಪಡೆಯಿರಿ.

ಕೊನೆಯದಾಗಿ ನಿಮ್ಮ ಶ್ರೀಮತಿಯವರ ಬಗ್ಗೆ. ಓಪನ್ ಮೀಟಿಂಗಿಗೆ ಅವರು ಬರಬಹುದು, ಒಮ್ಮೆ ಬಂದು ನೋಡಿದರೆ ನೀವು ಎಲ್ಲಿಗೆ ಹೋಗುತ್ತೀರಿ ಎಂಬ ಅನುಮಾನ ಅವರಿಗೂ ತೀರುತ್ತದೆ. ಪ್ರತಿ ಸಲ ಜೊತೆಗೆ ಬರುವುದು ಬೇಡ. ಹೆಂಡತಿ ಪಕ್ಕದಲ್ಲಿ ಕೂತಿದ್ದಾಗ ಗಂಡ ಹೇಳುವ ಮಾತೇ ಬೇರೆ, ಇಲ್ಲದಾಗ ಹೇಳುವ ಮಾತೇ ಬೇರೆ. ಅವರಿಗೆಂದೇ ಬೇರೆ ಸಭೆಗಳಿವೆ. ಬಿಲ್ ವಿಲ್ಸನ್ನರ ಪತ್ನಿ ಲೋಯಿಸ್ ಅವರು 1951ರಲ್ಲಿ ಜೊತೆಗಾರರೊಡನೆ ಸ್ಥಾಪಿಸಿದ ಅಲ್-ಅನಾನ್ ಕುಡಿಯುವವರ ಮನೆಯವರ ಗುಂಪು. ಹದಿಹರೆಯದ ಮಕ್ಕಳಿಗಾಗಿ 1957ರಿಂದ ಅಲಟೀನ್ ಇದೆ. ನೀವು ಕುಡಿಯುತ್ತಿರಲಿ, ಬಿಟ್ಟಿರಲಿ, ಅವರು ಅಲ್ಲಿಗೆ ಹೋಗಬಹುದು. ಗಂಡನನ್ನು ಕಾಯುವುದು ಹೇಗೆಂದು ಅಲ್ಲಿ ಕಲಿಸುವುದಿಲ್ಲ. ಇಷ್ಟು ವರ್ಷ ಕಾದು ಸೋತವರು ತಮ್ಮ ನಿದ್ರೆ, ಆರೋಗ್ಯ, ಮನಸ್ಸನ್ನು ಮರಳಿ ಪಡೆಯುವ ಬಗ್ಗೆ ಮಾತನಾಡಿಕೊಳ್ಳುತ್ತಾರೆ. ಅವರು ಹೋಗಲು ಒಪ್ಪಿದರೆ, ಅಲ್ಲಿ ನಿಮ್ಮ ಬಗ್ಗೆ ಏನು ಹೇಳಿದರು ಎಂದು ಕೇಳಬೇಡಿ. ನಿಮ್ಮ ಸಭೆಯ ಮಾತುಗಳನ್ನು ಅವರಿಗೆ ವರದಿ ಮಾಡುವ ಹೊಣೆಯೂ ನಿಮಗಿಲ್ಲ ಎಂಬುದನ್ನು ಇಬ್ಬರೂ ಮೊದಲೇ ಮಾತನಾಡಿಕೊಂಡಿರಿ.